ದೀಪಾಲಿಯ ಯೀಸ್ಟು, ಬೀರೋಬನ ಭಂಡಾರ

ಮೇ 9, ಶುಕ್ರವಾರ

ಸೊಸೆ ಇವತ್ತೂ ಬೇಕರಿ ವಾಸನೆ ಹೊತ್ತುಕೊಂಡೇ ಮನೆಗೆ ಬಂದಳು. ಆಕೆ ಚಪ್ಪಲಿ ಬಿಡುವ ಮೊದಲೇ ವಾಸನೆ ಒಳಗೆ ಬಂದು ದೇವರ ಜಗಲಿಯ ಊದಿನಕಡ್ಡಿಯನ್ನೂ ಮೀರಿಸಿತು. ಮದುವೆಯಾಗಿ ಆರು ತಿಂಗಳಾಯಿತು, ನಾನಿನ್ನೂ ಇದಕ್ಕೆ ಹೊಂದಿಕೊಂಡಿಲ್ಲ. ಹೊಂದಿಕೊಳ್ಳುವ ಇರಾದೆಯೂ ಇಲ್ಲ.

ಬರೆದರೆ ಹೊಟ್ಟೆಯ ಉರಿ ಸ್ವಲ್ಪ ತಣ್ಣಗಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ನನ್ನ ಯಜಮಾನರು, ಮಗ ಶೈಲೇಶ, ಈಗ ಈ ದೀಪಾಲಿ, ಎಲ್ಲರೂ ಮನೆಯಲ್ಲಿ ಮಾತಾಡುವುದು ಕನ್ನಡ, ಓದುವುದು ಬರೆಯುವುದು ಮರಾಠಿ. ಹಾಗಾಗಿ ಇಲ್ಲಿ ಯಾರ ಬಗ್ಗೆ ಏನು ಬರೆದರೂ ನಡೆಯುತ್ತದೆ.

ಶೈಲೇಶ ಕಾಲೇಜಿನಲ್ಲಿದ್ದಾಗಲೇ ಇವಳನ್ನು ಆರಿಸಿಕೊಂಡು ಕೂತಿದ್ದ. ಹನ್ನೂರಿನ ಕುರಿ ಸಾಕುವವರ ಮನೆಯ ಹುಡುಗಿ. ನಮ್ಮದು ಸೊಲ್ಲಾಪುರದ ಪೇಟೆಯಲ್ಲಿ ಅಜ್ಜನ ಕಾಲದಿಂದ ನಡೆದು ಬಂದ ಚಾದರು, ಟವೆಲ್ಲುಗಳ ಅಂಗಡಿ. ನಾನು ಬೇಡವೆಂದೆ, ಕಣ್ಣೀರು ಹಾಕಿದೆ, ಎರಡು ಹೊತ್ತು ಉಪವಾಸವನ್ನೂ ಮಾಡಿದೆ. ಯಜಮಾನರು, “ಹುಡುಗಿ ಶ್ಯಾಣ್ಯಾಕಿ ಅದಾಳ ಬಿಡು ಕಸ್ತೂರಿ” ಎಂದು ಮಾತು ಮುಗಿಸಿಬಿಟ್ಟರು.

ಶ್ಯಾಣ್ಯಾಕಿ, ಅಂದರೆ ಈ ಜಾಣೆ, ಮಾಡುವುದೇನು? ವಿಜಾಪುರ ರಸ್ತೆಯ ಲ್ಯಾಬೊಂದರಲ್ಲಿ ಪಾವ್ ಉಬ್ಬಿಸುವ ಯೀಸ್ಟನ್ನು ಸಾಕುತ್ತಾಳೆ. ಅದರ ಕೈಯಲ್ಲಿ ಬಿಸಿಲು ತಡೆಯುವ ಯಾವುದೋ ಪದಾರ್ಥ ಮಾಡಿಸಬೇಕಂತೆ. ಕಾರ್ತಿಕದಲ್ಲಿ ಹಣ ಕೊಡುವ ದೊಡ್ಡವರ ಸಮಿತಿ ಬಂದು ನೋಡುತ್ತದೆ. ಅಷ್ಟರೊಳಗೆ ಯೀಸ್ಟು ಕೆಲಸ ಮಾಡಿದರೆ ಸರಿ, ಇಲ್ಲದಿದ್ದರೆ ಲ್ಯಾಬಿನ ಈ ಕೆಲಸ ಬಂದ್. ಬಂದ್ ಆದರೆ ಇವಳು ಪುಣೆಯಲ್ಲಿ ನೌಕರಿ ಹಿಡಿಯುತ್ತಾಳೆ. ಊಟಕ್ಕೆ ಕೂತಾಗ ಶೈಲೇಶ ಎಷ್ಟು ಸಲೀಸಾಗಿ ಹೇಳಿದ ನೋಡು: “ಹಂಗೇನರ ಆದ್ರ ನಾನೂ ಹೋಗ್ತೀನಿ ಆಯಿ. ಪುಣ್ಯಾದಾಗೇ ಒಂದು ದುಕಾನ ತಗದ್ರಾತು.”

ನನಗಿರುವವನು ಒಬ್ಬನೇ ಮಗ. ಆ ಯೀಸ್ಟು ಹಾಳಾಗಿ ಹೋಗಲಿ ಎಂದು ಶಪಿಸೋಣವೆಂದರೆ ಅದಕ್ಕೂ ದಾರಿಯಿಲ್ಲ. ಅದು ಹಾಳಾದರೆ ನನ್ನ ಮಗ ಹೋಗುತ್ತಾನೆ.

ಮೇ 17, ಶನಿವಾರ

ಬಿಸಿಲು ಅಂದರೆ ಬಿಸಿಲು. ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆ ತರಲು ಹೋಗಿ ಅಂಗಾಲು ಸುಟ್ಟುಕೊಂಡು ಬಂದೆ. ದೀಪಾಲಿಗೆ ಇವತ್ತು ಅರ್ಧ ದಿನ. ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುವ ಬದಲು ಕೇಳಿಯೇ ಬಿಟ್ಟೆ, ಏನು ನಿನ್ನ ಯೀಸ್ಟಿನ ಕಥೆ ಎಂದು.

“ಸಮುದ್ರದಾಗ ಒಂದು ನಮೂನಿ ಪಾಚಿ ಇರ್ತದ ಅತ್ತೀ. ಇಡೀ ದಿನ ಬಿಸಿಲಾಗ ಇದ್ರೂ ಸುಡೂದಿಲ್ಲ. ಬಿಸಿಲು ತಡಿಯೋ ಪದಾರ್ಥ ತನ್ನ ಮೈಯಾಗ ತಾನೇ ಮಾಡ್ಕೋತದ.”

“ಹಂಗಾದ್ರ ಆ ಪಾಚಿನೇ ತಂದು ಅರದು ಹಚ್ಕೋಳ್ರಿ. ಇಷ್ಟ್ಯಾಕ ಉಸಾಬರಿ?”

“ಒಂದು ಚಮಚಾ ಸಿಗಬೇಕಂದ್ರ ಗಾಡಿಗಟ್ಟಲೆ ಪಾಚಿ ಬೇಕ್ರಿ. ಸಮುದ್ರಾನೇ ಖಾಲಿ ಆದೀತು. ಅದಕ್ಕ ಪಾಚಿ ಜೀನು ಯೀಸ್ಟಿನಾಗ ಸೇರಿಸಿ, ಆ ಹಿಕಮತ್ತು ಯೀಸ್ಟಿಗೆ ಕಲಿಸಾಕತ್ತೀವಿ. ಯೀಸ್ಟು ಎಷ್ಟು ಬೇಕಾದ್ರೂ ಬೆಳಸಬಹುದಲ್ಲ.”

“ಕಲೀತೇನು?”

“ಎರಡು ವರ್ಷಾತು. ಇನ್ನೂ ಕಲಿವಲ್ದು,” ಎಂದು ನಕ್ಕಳು. ಆಮೇಲೆ ತನ್ನ ತಾಯಿಯ ಮಾತು ತೆಗೆದಳು. ಬೀಗತಿ ತುಳಜಾಬಾಯಿಯ ಮುಖ ನಾನು ಮದುವೆಯಲ್ಲಿ ನೋಡಿದ್ದೇನೆ, ಕೆನ್ನೆ ತುಂಬ ಕಪ್ಪು ಭಂಗು, ಮೂಗಿನ ಮೇಲೆ ಸುಲಿದ ಚರ್ಮ. ವರ್ಷವಿಡೀ ಕುರಿಯ ಹಿಂದೆ ಬೋರಾಮಣಿಯ ಹುಲ್ಲುಗಾವಲಿನವರೆಗೆ ನಡೆಯುವವಳು. ಅಂಗಡಿಯ ಕ್ರೀಮು ಹಚ್ಚಿದರೆ ಬೆವರಿಗೆ ಇಳಿದು ಕಣ್ಣು ಉರಿಯುತ್ತದಂತೆ. “ನಮ್ಮವ್ವನಂಥಾಕಿ ದಿನಾ ಹಚ್ಕೊಂಡು ಅಡ್ಡಾಡಬೇಕು, ಅಂಥಾದ್ದು ಮಾಡಬೇಕ್ರಿ ಅತ್ತೀ” ಎಂದಳು.

ಇರಲಿ, ತಾಯಿಯ ಮೇಲೆ ಪ್ರೀತಿ ಇದ್ದರೆ ತಪ್ಪಿಲ್ಲ. ಆದರೂ ಹುಳು ಸಾಕಿ ಕ್ರೀಮು ಮಾಡುವುದು ನನ್ನ ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಅಕ್ಕಲಕೋಟೆಗೆ ಫೋನ್ ಮಾಡಿ ತಮ್ಮನ ಹೆಂಡತಿ ಸುಮಿತ್ರಾಗೆ ಹೇಳಿದೆ: “ನಮ್ಮ ಸೊಸಿ ಕುರಿ ಬಿಟ್ಟು ಈಗ ಹುಳಾ ಮೇಯಸ್ತಾಳ ನೋಡು.” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಜೂನ್ 14, ಶನಿವಾರ

ಊಟದ ಡಬ್ಬಿ ಮುಟ್ಟದೆ ತಿರುಗಿ ತಂದಿದ್ದಾಳೆ. ಈ ವಾರದಲ್ಲಿ ಇದು ಮೂರನೆಯ ಸಲ! ಬೆಳಗ್ಗೆ ಎದ್ದು ಎಳೆ ಬದನೆಕಾಯಿಗೆ ಮಸಾಲೆ ತುಂಬಿ, ರೊಟ್ಟಿ ತಟ್ಟಿ ಕಟ್ಟಿ ಕೊಟ್ಟಿದ್ದೆ. ಕೇಳಿದರೆ, “ಮರತೇ ಹೋತ್ರಿ ಅತ್ತೀ.” ಹಸಿವು ಮರೆಯುವಂಥ ವಸ್ತುವೇ? ನನ್ನ ಕೈಯಡುಗೆಯನ್ನು ಈ ಮನೆಯಲ್ಲಿ ಇದುವರೆಗೆ ಯಾರೂ ಮರೆತಿಲ್ಲ.

ಸೋಮವಾರದಿಂದ ಮಧ್ಯಾಹ್ನ ನಾನೇ ಫೋನ್ ಮಾಡಿ ಉಂಡೆಯಾ ಎಂದು ಕೇಳುವವಳು. ಆಕೆಯ ಕಾಳಜಿಗಲ್ಲ, ಬದನೆಕಾಯಿಯ ಮರ್ಯಾದೆಗೆ.

ಜುಲೈ 29, ಮಂಗಳವಾರ, ನಾಗರಪಂಚಮಿ

ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳನ್ನು ಇದೇ ಮೊದಲು ನೋಡಿದೆ. ಹೊಸ ತಳಿ ಬೆಳೆಯುತ್ತಿದೆ, ಏಳನೆಯ ನಂಬರಿನದು, ಬಿಟ್ಟು ಹೋಗುವಂತಿಲ್ಲ ಎಂದಳು. ಹಬ್ಬದ ದಿನ ಸೊಸೆ ಡಬ್ಬಿಯ ಚಪಾತಿ ತಿಂದರೆ ನಾಳೆ ಬೀಗರು ನನ್ನನ್ನೇ ಆಡಿಕೊಳ್ಳುತ್ತಾರೆ. ಅದಕ್ಕೇ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಆಟೋ ಹಿಡಿದು ನಾನೇ ಲ್ಯಾಬಿಗೆ ಹೋದೆ.

ನನ್ನನ್ನು ನೋಡಿ ಹುಡುಗಿಯ ಮುಖ ಅರಳಿದ್ದು ನಿಜ. ಆಕೆಯ ಮೇಲಧಿಕಾರಿ ಅವಿನಾಶ ಸರ್ ಎದ್ದು ನಿಂತು ನಮಸ್ಕಾರ ಮಾಡಿದರು. ಒಳಗೆ ಒಂದು ಯಂತ್ರದ ಮೇಲೆ ಗಾಜಿನ ಬುಡ್ಡಿಗಳು ಸಾಲಾಗಿ ನಿಂತು ಅತ್ತಿಂದಿತ್ತ ತೂಗಾಡುತ್ತಿದ್ದವು. ನಿಂತ ನೀರಿನಲ್ಲಿ ಯೀಸ್ಟು ಚೆನ್ನಾಗಿ ಬೆಳೆಯುವುದಿಲ್ಲವಂತೆ. “ಇವಕ್ಕೂ ಪಂಚಮಿ ಬಂದದ ಬಿಡು, ಜೋಕಾಲಿ ಆಡಾಕತ್ತಾವ” ಎಂದೆ. ದೀಪಾಲಿ ನಕ್ಕ ನಗೆಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು.

ಕೊನೆಯ ಬುಡ್ಡಿಯ ಮೇಲೆ ನಂಬರ್ ಇರಲಿಲ್ಲ. ಇದ್ಯಾಕೆ ಎಂದೆ.

“ಅದು ಸಾದಾ ಯೀಸ್ಟು. ಅದಕ್ಕೇನೂ ಕಲಿಸಿಲ್ಲ. ಅದು ಯಾವಾಗ್ಲೂ ಸೊನ್ನಿನೇ ತೋರಸಬೇಕು.”

“ಏನೂ ಕಲೀದಿದ್ದದ್ದನ್ನ ಸಾಕೂದ್ಯಾಕ?”

“ಅದು ಸೊನ್ನಿ ಇದ್ರನೇ ಉಳಿದದ್ದು ಕಲ್ತಾವ ಅಂತ ನಂಬಬಹುದ್ರಿ. ಅದೂ ಏರಿತಂದ್ರ ಎಲ್ಲಾ ಸುಳ್ಳು.”

ಉಂಡಿಯನ್ನು ಹೊರಗಿನ ಬೆಂಚಿನ ಮೇಲೆ ಕೂತು ತಿಂದಳು, ನನ್ನೆದುರಿಗೇ. ನಾಲ್ಕು ತಿಂದಳು. ಇಷ್ಟು ಹಸಿದುಕೊಂಡು ಕೆಲಸ ಮಾಡುತ್ತಾಳೆಂದು ಗೊತ್ತಿರಲಿಲ್ಲ.

ಆಗಸ್ಟ್ 20, ಬುಧವಾರ

ಏಳನೆಯದೂ ಸೊನ್ನೆ. ದೀಪಾಲಿ ಊಟ ಮಾಡದೆ ಮಲಗಿದಳು.

ನನಗೂ ಊಟ ಸೇರಲಿಲ್ಲ. ಸೆಕೆ ಇರಬೇಕು.

ಸೆಪ್ಟೆಂಬರ್ 14, ಭಾನುವಾರ

ಏಳನೆಯ ತಳಿಗೆ ಬೇರೆ ಸಕ್ಕರೆ ಹಾಕಿ ಬೆಳೆಸಿ ನೋಡುತ್ತಾಳಂತೆ. ಮನುಷ್ಯರಿಗೂ ಹಾಗೆಯೇ ಅಲ್ಲವೇ, ಒಂದೇ ಅಡುಗೆ ಎಷ್ಟು ದಿನ ತಿನ್ನುತ್ತಾರೆ ಎಂದೆ. “ಬರಾಬರ್ ಹೇಳಿದ್ರಿ ಅತ್ತೀ” ಎಂದಳು. ಶೈಲೇಶ ತನಗೆ ಹೊಸ ಅಂಗಿ ಯಾವುದು ಚೆಂದ ಎಂದು ಕೇಳುತ್ತಾ ನಿಂತಿದ್ದ. ಸುಮ್ಮನಿರೋ, ಇಲ್ಲಿ ಸಕ್ಕರೆಯ ಮಾತು ನಡೆದಿದೆ ಎಂದು ಗದರಿದೆ.

ಸೆಪ್ಟೆಂಬರ್ 28, ಭಾನುವಾರ, ಅಕ್ಕಲಕೋಟೆ, ಹನ್ನೂರು

ತಮ್ಮ ಹಣಮಂತಪ್ಪನ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮ. ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂತಾಗ ಸುಮಿತ್ರಾ ಎಲ್ಲರಿಗೂ ಕೇಳುವಂತೆ ಕೂಗಿದಳು: “ಏನ್ರಿ ಕಸ್ತೂರಕ್ಕಾ, ನಿಮ್ಮ ಸೊಸಿ ಇನ್ನೂ ಹುಳಾನೇ ಮೇಯಸಾಕತ್ತಾಳೋ, ಮತ್ತ ಕುರಿ ಕಾಯಾಕ ಹೋಗ್ಯಾಳೋ?”

ಎಲ್ಲರೂ ನಕ್ಕರು. ಆ ಮಾತು ಮೊದಲು ಆಡಿದವಳು ನಾನೇ, ಗೊತ್ತು. ಆದರೆ ಆಕೆಯ ಬಾಯಿಂದ ಬಂದಾಗ ನನ್ನ ಮೈಯೆಲ್ಲ ಉರಿದುಹೋಯಿತು.

“ಹುಳಾ ಅಲ್ಲ ಸುಮಿತ್ರಾ, ಯೀಸ್ಟು. ಇಷ್ಟು ಬಿಸಿಲು ಬೀಳೋ ಊರಾಗ ಇರಾವ್ರು ನಾವು, ನಮ್ಮ ಮಂದಿ ಮುಖ ಸುಡಬಾರದಂತ ಹಗಲೂ ರಾತ್ರಿ ದುಡ್ಯಾಕತ್ತಾಳ ಆಕಿ. ನಿನ್ನ ಮಗ ಏನು ಮೇಯಸ್ತಾನ? ಮೊಬೈಲು?”

ತೊಟ್ಟಿಲಿನ ಕೂಸು ಎಚ್ಚೆತ್ತು ಅಳತೊಡಗಿತು. ಹಣಮಂತಪ್ಪ ಹೊರಗಿನಿಂದ ಏನಾಯಿತೆಂದು ಓಡಿ ಬಂದ. ನಾನು ಬುತ್ತಿ ಕಟ್ಟಿಸಿಕೊಳ್ಳದೆ ಎದ್ದು ಬಂದೆ. ಹೆಸರಿಡುವ ಮನೆಯಲ್ಲಿ ಜಗಳ ತೆಗೆದದ್ದು ಚೆನ್ನಾಗಿರಲಿಲ್ಲ, ಆದರೆ ತೆಗೆದದ್ದು ಆಕೆ.

ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಸೊಲ್ಲಾಪುರದ ಬಸ್ಸು ಬಿಟ್ಟು ಹನ್ನೂರಿನ ಬಸ್ಸು ಹತ್ತಿಬಿಟ್ಟೆ. ನವರಾತ್ರಿಯಲ್ಲಿ ಬೀಗರನ್ನು ಮಾತಾಡಿಸಿದಂತಾಗುತ್ತದೆ ಎಂದುಕೊಂಡೆ. ಮದುವೆಯಾದ ಮೇಲೆ ಒಂದು ಸಲವೂ ಹೋಗಿರಲಿಲ್ಲ.

ತುಳಜಾಬಾಯಿಗೆ ನನ್ನನ್ನು ಎಲ್ಲಿ ಕೂರಿಸಬೇಕೆಂದೇ ತಿಳಿಯಲಿಲ್ಲ. ಕಂಬಳಿ ಹಾಸಿದಳು, ಅದರ ಮೇಲೆ ಚಾದರು ಹಾಸಿದಳು, ಅದು ನಮ್ಮ ಅಂಗಡಿಯದೇ ಚಾದರು. “ನನ್ನ ಮಗಳು ನಿಮಗೇನರ ತ್ರಾಸು ಕೊಟ್ಟಾಳೇನ್ರಿ ಅಕ್ಕಾರ?” ಎಂದು ಹೆದರುತ್ತಾ ಕೇಳಿದಳು. ಕೊಡುತ್ತಾಳೆ, ಊಟ ಮರೆಯುತ್ತಾಳೆ ಎಂದೆ. ಚಿಕ್ಕಂದಿನಿಂದಲೂ ಅದೇ ಚಾಳಿ ಎಂದು ಇಬ್ಬರೂ ಕೂಡಿ ಆಕೆಯನ್ನು ಬೈದೆವು. ಬಹಳ ದಿನಗಳ ಮೇಲೆ ಮನಸ್ಸಿಗೆ ಹಾಯೆನಿಸಿತು.

ಸಂಜೆ ಕುರಿ ಹಿಂಡು ಮನೆಗೆ ಬಂತು. ಬೀಗರು ಧೂಳಪ್ಪ ತಮ್ಮ ಕುಲದೇವರು ಬೀರೋಬನ ಭಂಡಾರ, ಅಂದರೆ ದೇವರ ಮುಂದಿನ ಅರಿಸಿನ ಪುಡಿ, ತಂದು ಒಂದೊಂದೇ ಕುರಿಯ ಹಣೆಗೆ ಹಚ್ಚುತ್ತಾ ಹೋದರು. ಕುಂಟ ಕುರಿ, ಮುದಿ ಕುರಿ, ನಿನ್ನೆ ಹುಟ್ಟಿದ ಮರಿ, ಯಾವುದನ್ನೂ ಬಿಡಲಿಲ್ಲ. “ಒಂದೂ ಬಿಡಬಾರದ್ರಿ ಅಕ್ಕಾರ. ಬಿಟ್ಟದ್ದಕ್ಕ ದೇವರ ನದರು ಇರಂಗಿಲ್ಲ” ಎಂದರು.

ನಮ್ಮ ಮನೆಯಲ್ಲಿ ಹಚ್ಚುವುದು ವಿಭೂತಿ. ಭಂಡಾರವನ್ನು ನಾನು ಎಂದೂ ಕೈಯಲ್ಲಿ ಹಿಡಿದವಳಲ್ಲ. ಹೊರಡುವಾಗ ಒಂದು ಪುಡಿಕೆ ಕೇಳಿ ಕಟ್ಟಿಸಿಕೊಂಡೆ.

ಅಕ್ಟೋಬರ್ 1, ಬುಧವಾರ, ಖಂಡೇನವಮಿ

ಬೆಳಗ್ಗೆ ಅಂಗಡಿಯಲ್ಲಿ ತಕ್ಕಡಿ, ಗಜಕೋಲು, ಗಲ್ಲಾಪೆಟ್ಟಿಗೆಗೆ ಪೂಜೆ. ಆಮೇಲೆ ಲ್ಯಾಬಿನ ಪೂಜೆಗೆ ಹೋದೆ. ಮನೆಯವರೆಲ್ಲ ಬರಬೇಕೆಂದು ಅವಿನಾಶ ಸರ್ ಕರೆದಿದ್ದರು. ಯಂತ್ರಗಳಿಗೆ ಚೆಂಡು ಹೂವಿನ ಮಾಲೆ ಹಾಕಿದ್ದರು. ದೀಪಾಲಿ ಬಾಗಿಲಲ್ಲೇ ಹೇಳಿದಳು: “ಅತ್ತೀ, ಕುಂಕುಮ ಗಿಂಕುಮ ಯಂತ್ರಕ್ಕ ಹಚ್ಚಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ. ದೂರಿಂದ ಕೈ ಮುಗೀರಿ.”

ದೂರದಿಂದ ಮುಗಿದರೆ ಯಾವ ದೇವರಿಗೆ ಮುಟ್ಟುತ್ತದೆ? ಎಲ್ಲರೂ ಪೇಢೆ ತಿನ್ನಲು ಹೊರಗೆ ಹೋದಾಗ ನಾನು ಹಿಂದೆ ಉಳಿದೆ. ಯಂತ್ರ ಮುಟ್ಟಲಿಲ್ಲ, ಬುಡ್ಡಿಯನ್ನೂ ಮುಟ್ಟಲಿಲ್ಲ. ಪಕ್ಕದ ಮೇಜಿನ ಮೇಲೆ ತೊಳೆದು, ನಂಬರ್ ಹಚ್ಚಿ ಇಟ್ಟ ಪುಟ್ಟ ಟ್ಯೂಬುಗಳಿದ್ದವು, ಬೆಳಕು ತಾಗಬಾರದೆಂದು ಕಂದು ಬಣ್ಣದವು. ನಾಳಿದ್ದು ಯೀಸ್ಟಿನ ರಸವನ್ನು ಅದರಲ್ಲೇ ಹಾಕಿ ಯಂತ್ರಕ್ಕೆ ತೋರಿಸುವುದು ಎಂದು ದೀಪಾಲಿ ಹೇಳಿದ್ದಳು. ಬೆರಳ ತುದಿಗೆ ಅಂಟಿದಷ್ಟೇ ಭಂಡಾರ, ಒಂದೊಂದರ ಬಾಯಿಗೂ ಒರೆಸಿದೆ. ನಂಬರ್ ಇಲ್ಲದ ಸಾದಾ ಯೀಸ್ಟಿನ ಟ್ಯೂಬಿಗೂ ಒರೆಸಿದೆ. ಅದೊಂದೇ ಪಾಪ ಯಾಕೆ ಉಳಿಯಬೇಕು?

ಮಗ ಊರು ಬಿಡಬಾರದಲ್ಲ, ಅದಕ್ಕೇ ಇಷ್ಟೆಲ್ಲ.

ಅಕ್ಟೋಬರ್ 4, ಶನಿವಾರ

ಬಂತು! ಬಂತು!

ದೀಪಾಲಿ ಓಡಿ ಬಂದು ನನ್ನನ್ನು ಎತ್ತಿಕೊಂಡು ತಿರುಗಿಸಿದಳು, ಈ ವಯಸ್ಸಿನಲ್ಲಿ ನನ್ನನ್ನು! “ಏಳನೇದು ಏರೇದ ಅತ್ತೀ! ಎಷ್ಟು ಏರೇದ ಅಂತೀರಿ, ನನ್ನ ಕಣ್ಣೇ ನಂಬವಲ್ವು!” ಉಳಿದ ಟ್ಯೂಬುಗಳನ್ನು ನಂತರ ನೋಡಿದರಾಯಿತೆಂದು ಅವಿನಾಶ ಸರ್ ಆಗಲೇ ಸಮಿತಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ. ಓಣಿಗೆಲ್ಲ ಪೇಢೆ ಹಂಚಿದೆ. ಎದುರು ಮನೆಯ ಸುಗಲಾಬಾಯಿ ಏನು ವಿಶೇಷ ಎಂದು ಕೇಳಿದಾಗ, ನಮ್ಮ ದೀಪಾನ ಯೀಸ್ಟು ಕಲಿಯಿತು ಎಂದೆ. ಆಕೆಗೇನೂ ಅರ್ಥವಾಗಲಿಲ್ಲ, ಎರಡು ಪೇಢೆ ತೆಗೆದುಕೊಂಡಳು.

ಭಂಡಾರದ ಮಾತು ಹೇಳಲಿಲ್ಲ. ಹುಡುಗಿಯ ದುಡಿಮೆಗೆ ದೇವರನ್ನು ಪಾಲುದಾರ ಮಾಡುವುದು ಬೇಡ. ಬೀರೋಬನೂ ಏನೂ ಅಂದುಕೊಳ್ಳಲಾರ.

ಅಕ್ಟೋಬರ್ 7, ಮಂಗಳವಾರ

ಸಾದಾದ್ದೂ ಏರಿದೆ.

ದೀಪಾ ಬಂದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. “ಸಾದಾ ಯೀಸ್ಟಿನಾಗ ಏಳನೇದು ಬೆರತದ ಅಂತ ಕಾಣಸ್ತದ್ರಿ. ಹಂಗಾಗಿದ್ರ ಯಾವುದು ಯಾವುದಂತ ಈಗ ಹೇಳಾಕ ಬರಂಗಿಲ್ಲ. ನಾಳಿ ಎಲ್ಲಾ ತಳಿ ಕುಕ್ಕರಿನಾಗ ಕುದಿಸಿ ಚೆಲ್ಲಬೇಕು. ಮೊದಲಿಂದ ಸುರು.” ಕಾರ್ತಿಕ ಬಂದೇ ಬಿಟ್ಟಿತು, ಮೊದಲಿನಿಂದ ಶುರು ಮಾಡಲು ಸಮಯವೆಲ್ಲಿದೆ?

ರೊಟ್ಟಿ ತಟ್ಟುತ್ತಾ ಸುಮ್ಮನೆ ಕೇಳಿದೆ, ಆ ಯಂತ್ರಕ್ಕೆ ಗೊತ್ತಾಗುವುದಾದರೂ ಹೇಗೆ ಎಂದು.

“ಅದೇನು, ರಸದಾಗಿಂದ ಬೆಳಕು ಬಿಡ್ತದ, ಎಷ್ಟು ತಡೀತದ ಅಂತ ನೋಡ್ತದ. ನಮ್ಮ ಪದಾರ್ಥನೇ ಆಗಬೇಕಂತಿಲ್ಲ. ಬೇರೆ ಏನರ ಬಣ್ಣದ್ದು ಬಿದ್ರೂ ತೋರಸ್ತದ.”

ಬೇರೆ ಏನರ ಬಣ್ಣದ್ದು. ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಮಡಚಿ ಬಿತ್ತು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು, ಶೈಲೇಶ ಊಟಕ್ಕೆ ಬಂದರು. ನಾನು ಹೇಳಲಿಲ್ಲ. ಹೇಳಿದರೆ ಆ ದೊಡ್ಡ ರೀಡಿಂಗ್ ಅರಿಸಿನದ್ದಾಗುತ್ತದೆ, ಏಳನೆಯದು ತಿರುಗಿ ಸೊನ್ನೆಯಾಗುತ್ತದೆ. ಹುಡುಗಿ ನನ್ನ ಮುಖ ನೋಡುವುದಿಲ್ಲ, ಪುಣೆಗೆ ಹೋಗಿಬಿಡುತ್ತಾಳೆ. ಹೇಳದಿದ್ದರೆ ನಾಳೆ ಎಲ್ಲವನ್ನೂ ಕುದಿಸಿಬಿಡುತ್ತಾಳೆ.

ಬೀರೋಬಾ, ನನಗೆ ಬೈಗುಳ ಬಿದ್ದರೆ ಬೀಳಲಿ, ಬೆಳಗ್ಗೆ ಹೇಳಿಬಿಡುತ್ತೇನೆ. ಎರಡು ವರ್ಷ ಊಟ ಬಿಟ್ಟು ಸಾಕಿದ್ದಾಳೆ.

ಅಕ್ಟೋಬರ್ 8, ಬುಧವಾರ

ನಾನು ಏಳು­ವಷ್ಟರಲ್ಲಿ ದೀಪಾ ಹೊರಟುಹೋಗಿದ್ದಳು. ಫೋನ್ ಮಾಡಿದರೆ ಎತ್ತಲಿಲ್ಲ. ಮನೆಯ ಸೀರೆಯಲ್ಲೇ ಆಟೋ ಹತ್ತಿದೆ. ಸಾತ್ ರಸ್ತಾ ಚೌಕದಲ್ಲಿ ಗಾಡಿಗಳು ಸಿಕ್ಕಿಹಾಕಿಕೊಂಡು ನಿಂತಿದ್ದಾಗ ಆಟೋದವನಿಗೆ ಏನೇನು ಅಂದೆನೋ, ಅವನು ಓಣಿಯೊಳಗಿಂದ ತೂರಿಸಿಕೊಂಡು ಹೋದ.

ಲ್ಯಾಬಿನಲ್ಲಿ ಆಳೆತ್ತರದ ಕುಕ್ಕರಿನ ಬಾಯಿ ತೆರೆದಿತ್ತು. ದೀಪಾ ಬುಡ್ಡಿಗಳ ಬುಟ್ಟಿ ಎತ್ತಿಕೊಂಡು ನಿಂತಿದ್ದಳು. ಓಡಿ ಹೋಗಿ ಬುಟ್ಟಿ ಹಿಡಿದುಕೊಂಡೆ.

“ಹಾಕಬ್ಯಾಡ! ಯೀಸ್ಟು ಬೆರತಿಲ್ಲ. ನಾ ಭಂಡಾರ ಹಾಕೀನಿ.”

“ಎಲ್ಲಿ?”

“ಆ ಕಂದು ಟ್ಯೂಬಿಗೆ. ಖಂಡೇನವಮಿ ದಿನ. ಎಲ್ಲಾದಕ್ಕೂ.”

ಆಕೆ ಬುಟ್ಟಿ ಕೆಳಗಿಟ್ಟಳು. ಆಮೇಲೆ ದನಿ ಏರಿಸಿದಳು. “ಮುಟ್ಟಬ್ಯಾಡ್ರಿ ಅಂತ ಹೇಳಿದ್ನೋ ಇಲ್ಲೋ? ಚಂದಂಗೆ ಹೇಳಿದ್ನೋ ಇಲ್ಲೋ? ನಿನ್ನಿ ಸಂಜಿಯಿಂದ ನಾ ಸಾಯಾಕತ್ತೀನಿ ಅತ್ತೀ! ಇನ್ನೊಂದು ಗಳಿಗಿ ಬಿಟ್ಟಿದ್ರ ಎಲ್ಲಾ ನನ್ನ ಕೈಯಾರೆ ಕುದಿಸಿಬಿಡ್ತಿದ್ನಿ!”

ಈ ಮನೆತನಕ್ಕೆ ಬಂದ ಮೇಲೆ ನನ್ನೆದುರು ಯಾರೂ ಹೀಗೆ ದನಿ ಎತ್ತಿಲ್ಲ. “ಬೈಯಿ. ಬೈಸ್ಕೊಳ್ಳಾಕೇ ಬಂದೀನಿ” ಎಂದೆ.

ಗದ್ದಲ ಕೇಳಿ ಅವಿನಾಶ ಸರ್ ಬಂದರು. ಎಲ್ಲ ಕೇಳಿಸಿಕೊಂಡು ಸ್ಟೂಲಿನ ಮೇಲೆ ಕುಸಿದು ಕೂತರು. “ಕಾಕು, ಸಾದಾ ಟ್ಯೂಬಿಗೂ ಹಾಕಿದ್ರೇನ್ರಿ?”

“ಹೂಂ. ಅದೊಂದನ್ನ ಯಾಕ ಬಿಡ್ಲಿ? ಬೀಗರು ಹೇಳ್ಯಾರ, ಒಂದೂ ಬಿಡಬಾರದಂತ.”

ಸರ್ ಹಣೆ ಒರೆಸಿಕೊಂಡರು. “ದೀಪಾಲಿ, ಅದೊಂದು ಬಿಟ್ಟಿದ್ರ ನಮಗ ಗೊತ್ತೇ ಆಗ್ತಿದ್ದಿಲ್ಲ. ಸಮಿತಿ ಮುಂದ ಅರಿಶಿಣದ ರೀಡಿಂಗ್ ತಗೊಂಡು ನಿಂದರ್ತಿದ್ವಿ.”

ದೀಪಾ ನನ್ನನ್ನೇ ನೋಡಿದಳು. ಬಾಯಿ ಸೊಟ್ಟಗಾಯಿತು, ಅಳು ಬಂತೆಂದುಕೊಂಡೆ, ನಗು ಬಂತು. ನಗುತ್ತಲೇ ಅತ್ತಳು. ನನ್ನ ಸೆರಗಿನಿಂದಲೇ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಭುಜ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಈ ಬೆಂಚು ದಾಟಿ ಒಳಗೆ ಕಾಲಿಡಬಾರದು ಎಂದು ಹುಕುಂ ಮಾಡಿದಳು. ಸಂಜೆಯವರೆಗೆ ಅಲ್ಲೇ ಕೂತೆ.

ಅಕ್ಟೋಬರ್ 10, ಶುಕ್ರವಾರ

ಹೊಸ ಟ್ಯೂಬು, ಹೊಸ ರಸ. ಸಾದಾದ್ದು ಸೊನ್ನೆ. ಏಳನೆಯದು ಒಂದು ಚೂರೇ ಚೂರು ಏರಿದೆ. ಬೇರೆ ಸಕ್ಕರೆಗೆ ಒಪ್ಪಿರಬೇಕು. ಆದರೆ ಇಷ್ಟು ಸಣ್ಣ ಏರಿಕೆಯನ್ನು ನಮ್ಮ ಯಂತ್ರದ ಮೇಲೆ ನಂಬುವುದು ಕಷ್ಟವಂತೆ.

ಸಮಿತಿಗೆ ಹೇಳಿದ ದೊಡ್ಡ ರೀಡಿಂಗ್ ತಪ್ಪೆಂದು ತಿರುಗಿ ತಿಳಿಸಬೇಕು. ದೀಪಾಗೆ ರಾತ್ರಿ ಊಟದಲ್ಲಿ ಅದೇ ಚಿಂತೆ. ಯಜಮಾನರು ಸಾರು ಸುರಿಯುತ್ತಾ ಹೇಳಿದರು: “ಅಳತಿ ತಪ್ಪಿದ್ರ ಗಿರಾಕಿ ಕೇಳೂಕಿಂತ ಮೊದಲ ನಾವೇ ಹೇಳಬೇಕು ನೋಡವ್ವಾ. ಆಮ್ಯಾಲ ಆತ ನಮ್ಮನ್ನ ಬಿಟ್ಟು ಹೋಗಂಗಿಲ್ಲ.” ಈ ಮನುಷ್ಯ ಅಪರೂಪಕ್ಕೊಮ್ಮೆ ಸರಿಯಾದ ಮಾತಾಡುತ್ತಾರೆ.

ನವೆಂಬರ್ 11, ಮಂಗಳವಾರ

ಸಮಿತಿಯವರು ಬಂದು ಹೋದರು. ಮೊದಲಿನ ರೀಡಿಂಗ್ ಏನಾಗಿತ್ತು ಎಂದು ಒಬ್ಬರು ಕೇಳಿದರಂತೆ. ದೀಪಾ ಏನೂ ಮುಚ್ಚಿಡದೆ, ನಮ್ಮ ಅತ್ತೆ ಪ್ರೀತಿಯಿಂದ ಭಂಡಾರ ಹಾಕಿದ್ದರು ಎಂದಳಂತೆ. ಸಮಿತಿಯ ಮೂವರೂ ಮೊದಲು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಬಹಳ ಹೊತ್ತು ನಕ್ಕರಂತೆ. ಪ್ರೀತಿಯಿಂದ ಎಂದು ಆಕೆ ತಾನೇ ಸೇರಿಸಿ ಹೇಳಿದ್ದು, ನಾನು ಹಾಗೆಂದು ಹೇಳಿರಲಿಲ್ಲ.

ತೀರ್ಪು ಹೀಗಿದೆ. ಪುಣೆಯಲ್ಲಿ ದೊಡ್ಡ ಯಂತ್ರವಿದೆ, ರಸದಲ್ಲಿ ಇರುವುದು ಯಾವ ಪದಾರ್ಥ ಎಂದು ಅದು ಬಿಡಿಸಿ ಹೇಳುತ್ತದೆ. ದೀಪಾ ಅಲ್ಲಿಗೆ ಹೋಗಿ ಏಳನೆಯ ತಳಿ ಬೆಳೆಸಿ ತೋರಿಸಬೇಕು. ಅಲ್ಲೂ ಬಂದರೆ ಸೊಲ್ಲಾಪುರದ ಲ್ಯಾಬು ಮುಂದುವರಿಯುತ್ತದೆ, ಬಾರದಿದ್ದರೆ ಮುಚ್ಚುತ್ತದೆ.

ನವೆಂಬರ್ 23, ಭಾನುವಾರ

ಲಗ್ನದ ಹಂಗಾಮು, ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ಶೈಲೇಶನಿಗೆ ಪುಣೆಗೆ ಹೋಗಲು ಆಗುವುದಿಲ್ಲ. ದೀಪಾ, “ನಾ ಒಬ್ಬಾಕೇ ಹೋಗ್ತೀನಿ, ಏನಾಗ್ತದ?” ಎಂದಳು. ಏನಾಗುತ್ತದಂತೆ! ಒಂದು ವಾರದಲ್ಲಿ ಊಟ ಬಿಟ್ಟು ಕಡ್ಡಿಯಾಗುತ್ತಾಳೆ.

ನಾನು ಹೋಗುತ್ತೇನೆ ಎಂದೆ. ಮನೆಯಲ್ಲಿ ಒಮ್ಮೆಲೇ ಮೂರು ಬಾಯಿ ತೆರೆದವು.

“ಮತ್ತ ನಮಗ ಅಡಗಿ ಯಾರು ಮಾಡ್ತಾರ?” ಎಂದರು ಯಜಮಾನರು.

“ಕಡಕ್ ರೊಟ್ಟಿ ಮಾಡಿಟ್ಟೀನಿ, ಶೇಂಗಾ ಚಟ್ನಿ ಅದ. ಅಪ್ಪ ಮಗ ಕೂಡಿ ಒಂದು ಸಾರು ಕಲೀರಿ. ಯೀಸ್ಟಿಗೇ ಕಲೀಲಿಕ್ಕೆ ಬರ್ತದಂತ, ನಿಮಗ ಬರಂಗಿಲ್ಲೇನು?”

ದೀಪಾ ಒಳಗೆ ಹೋಗಿ ನನ್ನ ಸೀರೆಗಳನ್ನು ತನ್ನ ಸೂಟ್‌ಕೇಸಿನಲ್ಲೇ ಹಾಕುತ್ತಿದ್ದಳು.

ಡಿಸೆಂಬರ್ 19, ಶುಕ್ರವಾರ, ಪುಣೆ

ಲ್ಯಾಬಿನ ಹೊರಗೆ ಬೇವಿನ ಗಿಡದ ಕೆಳಗೆ ಬೆಂಚಿದೆ. ಒಳಗೆ ಬರಬಾರದೆಂಬ ಹುಕುಂ ಪುಣೆಯಲ್ಲೂ ಜಾರಿಯಲ್ಲಿದೆ. ದಿನವೂ ಡಬ್ಬಿ ತಂದು ಇಲ್ಲಿ ಕೂರುತ್ತೇನೆ. ಆಕೆ ಉಂಡ ಮೇಲೆ ನಾವು ಇಳಿದುಕೊಂಡ ಖೋಲಿಗೆ ಹೋಗುತ್ತೇನೆ. ಇವತ್ತು ಕೊನೆಯ ರೀಡಿಂಗ್, ಹಾಗಾಗಿ ಬೆಳಗಿನಿಂದಲೇ ಬಂದು ಕೂತಿದ್ದೆ. ಡಬ್ಬಿ ತಣ್ಣಗಾಗಿತ್ತು. ಕಾವಲುಗಾರ ಎರಡು ಸಲ ಚಹಾ ತಂದುಕೊಟ್ಟ. ಕೈಕಾಲು ತಣ್ಣಗಾಗಿದ್ದವು, ಪುಣೆಯಲ್ಲಿ ಚಳಿ ಜಾಸ್ತಿ.

ಅಷ್ಟರಲ್ಲಿ ಶೈಲೇಶನ ಫೋನು. “ಆಯಿ, ನನಗ ಜ್ವರ ಬಂದಂಗ ಆಗೇದ. ಆ ಕಷಾಯದ ಪುಡಿ ಎಲ್ಲಿ ಇಟ್ಟೀ?”

“ಕಪಾಟಿನಾಗ ನೋಡೋ. ಈಗ ಫೋನ್ ಮಾಡಬ್ಯಾಡ, ನಮ್ಮ ರೀಡಿಂಗ್ ನಡದದ.”

“ಯಾವ ಕಪಾಟಿನಾಗ?”

“ಆಮ್ಯಾಲ ನಾನೇ ಮಾಡ್ತೀನಿ, ಇಡು!”

ಬಾಗಿಲು ತೆರೆಯಿತು. ದೀಪಾ ಮೆಟ್ಟಿಲ ಮೇಲೆ ನಿಂತಿದ್ದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ, ಬಿಳಿಚಿಕೊಂಡಿತ್ತು.

“ಅತ್ತೀ, ಏಳನೇದು ಬಂತ್ರಿ. ನಮ್ಮ ಪದಾರ್ಥನೇ. ಯಂತ್ರ ಹೆಸರು ಹಿಡಿದು ಹೇಳ್ತು.”

ನಾನು ಎದ್ದು ನಿಂತೆ. ಈಗಲೇ ಸಂತೋಷಪಡುವಂತಿಲ್ಲ ಎಂದು ತಡೆದುಕೊಂಡೆ.

“ಸಾದಾದ್ದು?”

ದೀಪಾ ಎರಡು ಮೆಟ್ಟಿಲು ಒಟ್ಟಿಗೇ ಹಾರಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. “ಸೊನ್ನಿ ಅತ್ತೀ. ಪೂರಾ ಸೊನ್ನಿ.”

ಆಗ ನಾನು ಅತ್ತುಬಿಟ್ಟೆ. ಕಾವಲುಗಾರ ಯಾರೋ ತೀರಿಕೊಂಡಿರಬೇಕೆಂದು ಟೋಪಿ ತೆಗೆದ. ಡಬ್ಬಿ ಬಿಚ್ಚಿ ಅವನಿಗೂ ಬಡಿಸಿ, ಬೆಂಚಿನ ಮೇಲೆ ಮೂವರೂ ತಣ್ಣಗಿನ ಊಟ ಮಾಡಿದೆವು. ಸಂಜೆ ಹನ್ನೂರಿಗೆ ಫೋನ್ ಮಾಡಿ ತುಳಜಾಬಾಯಿಯ ಜೊತೆ ಒಂದು ತಾಸು ಮಾತಾಡಿದೆವು. ಖೋಲಿಗೆ ಬರುವಾಗ ದೀಪಾಗೆ ಒಂದು ಹಸಿರು ಸೀರೆ ಕೊಡಿಸಿದೆ.

ಶೈಲೇಶನಿಗೆ ತಿರುಗಿ ಫೋನ್ ಮಾಡುವುದು ಮರೆತೇಹೋಗಿದೆ.